ಕಾಡಂಚಿನ ತ್ಯಾಜ್ಯಕ್ಕೆ ದಂಡ ಹಾಕಿಸಿದ ಡಾ. ಪ್ರೆಸಿಲ್ಲಾ

ಪಶುವೈದ್ಯವೆಂದರೆ ಹಸುವಿಗೆ ಸೂಜಿ ಚುಚ್ಚುವ ಕೆಲಸವೆಂದೇ ತಿಳಿದವರು ನಮ್ಮಲ್ಲಿ ಈಗಲೂ ಇದ್ದಾರೆ. ಸತ್ತ ಪ್ರಾಣಿಯ ಅವಶೇಷ ಎಲ್ಲಿಗೆ ಹೋಗಬೇಕು, ಅಲ್ಲಿಗೆ ಹೋಗದಿದ್ದರೆ ಯಾರಿಗೆ ದಂಡ ಬೀಳಬೇಕು ಎಂಬುದೂ ಆ ವಿದ್ಯೆಯ ಭಾಗವೇ ಎಂದು ಬಗೆದು, ಜರ್ಮನಿಯ ಕಾರ್ಲ್ಸ್‌ರುಹೆಯ ಸುತ್ತಲಿನ ಕಾಡಂಚುಗಳಲ್ಲಿ ಎರಡು ದಶಕಕ್ಕೂ ಮಿಕ್ಕಿ ದುಡಿದ ಡಾ. ಪ್ರೆಸಿಲ್ಲಾ ಅವರಿಗೆ ಆ ಕ್ಷೇತ್ರದಲ್ಲಿ ಸಲ್ಲಬೇಕಾದ ಸ್ಥಾನ ದೊಡ್ಡದು. ಉಳಿದವರು ಮೂಗು ಮುಚ್ಚಿಕೊಂಡು ದೂರ ಸರಿಯುವ ಕೆಲಸವನ್ನು ಅವರು ಮನಸಾರೆ ಮಾಡಿ ಈಗ ನಿವೃತ್ತರಾಗುತ್ತಿದ್ದಾರೆ.

ಉಡುಪಿಯ ಸರಕಾರಿ ಪಶು ಆಸ್ಪತ್ರೆಯ ನೌಕರಿ ಬಿಟ್ಟು, ಐಟಿ ನೌಕರರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಪಡೆದ ಪತಿ ಗ್ಲೆನ್ ಅವರೊಡನೆ 2001ರಲ್ಲಿ ಬಂದಿಳಿದ ಪ್ರೆಸಿಲ್ಲಾ, ಹಗಲೆಲ್ಲ ಜರ್ಮನ್ ಕಲಿತು, ಕಚೇರಿಗಳ ಮೆಟ್ಟಿಲು ಹತ್ತಿಳಿದು, ಕೊನೆಗೆ ಇಲ್ಲಿನ ಪಶುವೈದ್ಯ ಕಚೇರಿಯಲ್ಲಿ ಒಂದು ತಾತ್ಕಾಲಿಕ ಹುದ್ದೆ ದಕ್ಕಿಸಿಕೊಂಡರು. ಅವರಿಗೆ ಕಾಡಿನ ಪಾಠ ಹೇಳಿದವರು ಬೇಟೆಗಾರರ ಸಂಘದ ಹಿರಿಯ ಹೆರ್ ಬೆಕ್. ಹೊಡೆದ ಹಂದಿಯ ಕರುಳು ತೆಗೆಯುವ ಮೊದಲು ಅನ್ನನಾಳಕ್ಕೆ ಗಂಟು ಹಾಕಬೇಕು, ಇಲ್ಲದಿದ್ದರೆ ಹೊಟ್ಟೆಯೊಳಗಿನದೆಲ್ಲ ಮಾಂಸದ ಮೇಲೆ ಸೋರುತ್ತದೆ ಎಂದು ತೋರಿಸಿಕೊಟ್ಟವರು ಅವರೇ. ಇಲ್ಲಿನ ನಮ್ಮ ಕನ್ನಡಿಗರ ಸಮಾರಂಭಗಳಿಗೆ ಕಾಡುಹಂದಿ ಮಾರುತ್ತಿದ್ದವರೂ ಅವರೇ.

ಹುದ್ದೆ ಸಿಕ್ಕಿದ ಮರುವರ್ಷದ ಚಳಿಗಾಲದಲ್ಲಿ ಮಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಲಾರೆನ್ಸ್ ಮತ್ತು ಪತ್ನಿ ಜೆಸ್ಸಿ ತಮ್ಮ ಮಗುವಿನ ಜ್ಞಾನಸ್ನಾನಕ್ಕೆ ಬೆಕ್ ಅವರಿಂದ ಹಂದಿ ತರಿಸಿ, ಮನೆಯ ಹಿಂದಿನ ಅಂಗಳದಲ್ಲಿ ಬೇಯಿಸಿ, ಬೀದಿಗೆಲ್ಲ ಪರಿಮಳ ಹಂಚಿದರು. ಅದೇ ವಾರ ಹತ್ತಿರದ ತೊರೆಯ ಬದಿಯಲ್ಲಿ ಹಂದಿಗಳ ಚರ್ಮ, ತಲೆ, ಕರುಳು, ಹೃದಯಗಳ ರಾಶಿ ಸಿಕ್ಕಿತು. ಕಾಡುಹಂದಿಗಳಿಂದ ಸಾಕುಹಂದಿಗಳಿಗೆ ಹಂದಿಜ್ವರ ಹಬ್ಬೀತೆಂಬ ಭಯ ಊರಿಗೆ ಹಿಡಿದಿದ್ದ ಕಾಲ. ಹಾಗೆ ಎಸೆದವರಿಗೆ ದೊಡ್ಡ ಮೊತ್ತದ ದಂಡ, ಬೇಟೆಗಾರನಾದರೆ ಪರವಾನಗಿಗೂ ಸಂಚಕಾರ. ಊರಿನ ಬೆರಳೆಲ್ಲ ಲಾರೆನ್ಸ್ ಕಡೆಗೇ ತಿರುಗಿತು. ಪೊಲೀಸರು ಬಂದು ವಿಚಾರಿಸಿ ಹೋದರು.

"ವೀಸಾ ಎಕ್ಸ್‌ಟೆನ್ಶನ್‌ಗೆ ಕೊಟ್ಟಾಗಿದೆ ಡಾಕ್ಟ್ರೇ," ಎಂದು ಲಾರೆನ್ಸ್ ಫೋನಿನಲ್ಲಿ ಅಳುವುದೊಂದು ಬಾಕಿ. "ಕೇಸ್ ಆದ್ರೆ ನಮ್ಮನ್ನು ಇಲ್ಲಿ ಇರ್ಲಿಕ್ಕೆ ಬಿಡ್ತಾರಾ? ಸಣ್ಣ ಮಗು ಹಿಡ್ಕೊಂಡು ಎಲ್ಲಿಗೆ ಹೋಗುವುದು?"

ರಾಶಿಯನ್ನು ನೋಡಿದೊಡನೆ ಪ್ರೆಸಿಲ್ಲಾರಿಗೆ ಇದು ನಮ್ಮವರ ಕೆಲಸವಲ್ಲವೆಂದು ಖಾತ್ರಿಯಾಯಿತು. ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಹಂದಿಯ ಕೂದಲು ಸುಟ್ಟು, ಚರ್ಮ ಸಮೇತ ಬೇಯಿಸುತ್ತಾರೆ. ಹೃದಯ, ಲಿವರ್‌ಗಳಿಗೆ ಬೇರೆಯೇ ಪದಾರ್ಥವುಂಟು. ಆದರೆ ಮೇಲಧಿಕಾರಿ ಡಾ. ಕ್ರೂಗರ್, ಊಟದ ರೂಢಿ ಸಾಕ್ಷಿಯಾಗದೆಂದು ತಲೆಯಾಡಿಸಿದರು. ಪ್ರೆಸಿಲ್ಲಾ ಆ ಹಿರಿಯರನ್ನು ನೇರ ಲಾರೆನ್ಸ್ ಮನೆಗೇ ಕರೆದೊಯ್ದರು. ಜೆಸ್ಸಿ ಫ್ರೀಜರ್ ತೆರೆದಾಗ ಉಳಿದ ಚರ್ಮ, ಲಿವರ್‌ಗಳ ನಡುವಿನಿಂದ ಒಂದು ಇಡೀ ತಲೆ ಕ್ರೂಗರ್ ಅವರನ್ನು ದಿಟ್ಟಿಸಿತು.

"ಅದು ಕ್ರಿಸ್‌ಮಸ್‌ಗೆ ಅಂತ ಇಟ್ಟದ್ದು ಮೇಡಂ," ಎಂದರು ಜೆಸ್ಸಿ ಪ್ರೆಸಿಲ್ಲಾರಿಗೆ, ನಾಚಿಕೊಂಡು.

ಪ್ರೆಸಿಲ್ಲಾ ಅದನ್ನು ಜರ್ಮನ್‌ನಲ್ಲಿ ಹೇಳಿದಾಗ ಕ್ರೂಗರ್ ಬಿದ್ದುಬಿದ್ದು ನಕ್ಕರು. ಆಮೇಲೆ ತೊರೆಯ ಬಳಿ ಕೂತು, ಕರುಳಿನ ರಾಶಿಯಲ್ಲಿ ಒಂದೊಂದು ಅನ್ನನಾಳಕ್ಕೂ ಬಿಗಿದಿದ್ದ ಗಂಟನ್ನು ಪ್ರೆಸಿಲ್ಲಾ ತೋರಿಸಿದಾಗ ನಗು ನಿಂತಿತು. ಪಳಗಿದ ಬೇಟೆಗಾರನ ಕೈ ಅದು; ಆ ಗಂಟನ್ನು ಕಲಿಸಿದವರು ಯಾರೆಂದು ಪ್ರೆಸಿಲ್ಲಾ ಮರೆತಿರಲಿಲ್ಲ. ಪ್ರೆಸಿಲ್ಲಾ ಹೋಗಿ ಕೇಳಿದ್ದಕ್ಕೆ ಹೆರ್ ಬೆಕ್ ಸುಳ್ಳು ಹೇಳಲಿಲ್ಲ. ಪ್ರಾಣಿತ್ಯಾಜ್ಯದ ಸಂಗ್ರಹ ಕೇಂದ್ರ ದೂರ, ಶನಿವಾರ ಭಾನುವಾರ ಬೀಗ. ನರಿಗಳು ತಿಂದು ಮುಗಿಸುತ್ತವೆಂದುಕೊಂಡೆ ಎಂದರು.

ಈಗ ಹಿಂಜರಿದವರು ಲಾರೆನ್ಸ್. "ನಮ್ಮ ಮೇಲಿನ ಅಪವಾದ ಹೋಯ್ತಲ್ಲ, ಸಾಕು ಡಾಕ್ಟ್ರೇ. ಅವರು ಊರಿನ ದೊಡ್ಡ ಜನ. ನಾಳೆ ನಿಮ್ಮ ಕೆಲಸಕ್ಕೇ ತೊಂದರೆ ಮಾಡಿದ್ರೆ?"

"ಎಂತ ಲಾರೆನ್ಸ್ ನೀನು! ನಿನ್ನ ಮೇಲೆ ಬಂದಾಗ ಕಾನೂನು ಸರಿ ನೋಡ್ಬೇಕು, ಅವರ ಮೇಲೆ ಬಂದಾಗ ಕಣ್ಣು ಮುಚ್ಚಬೇಕಾ?"

ಹಾಗೆಂದರೂ ಕಾಡು ಕಲಿಸಿದ ಗುರುವಿಗೇ ದಂಡ ಶಿಫಾರಸು ಮಾಡುವಾಗ ಅವರಿಗೆ ಸಂಕಟವಾಗದೆ ಇರಲಿಲ್ಲ. ಹುದ್ದೆ ಹೋದರೆ ಹೋಗಲಿ ಎಂದುಕೊಂಡೇ ಸಹಿ ಹಾಕಿದರು. ಬೆಕ್ ದಂಡ ಕಟ್ಟಿದರು, ಕೆಲವು ತಿಂಗಳು ಮುಖ ತಿರುಗಿಸಿದರು. ಆದರೆ ದಂಡ ಹಾಕಿ ಕೈತೊಳೆದುಕೊಳ್ಳುವ ಜಾಯಮಾನ ಪ್ರೆಸಿಲ್ಲಾರದಲ್ಲ. ಬೆಕ್ ಹೇಳಿದ ಕಷ್ಟವೂ ನಿಜವೆಂದು ಮೇಲಿನವರನ್ನು ಕಾಡಿಬೇಡಿ, ಕಾಡಿನ ದಾರಿಯಲ್ಲೇ ವಾರವಿಡೀ ತೆರೆದಿರುವ ಶೀತಲ ಕಂಟೈನರ್ ಒಂದನ್ನು ಇಡಿಸಿದರು. ಅದಕ್ಕೆ ಮೊದಲ ಚೀಲ ತಂದು ಹಾಕಿದವರು ಹೆರ್ ಬೆಕ್. ಲಾರೆನ್ಸ್ ಕುಟುಂಬ ಆ ಊರಿನಲ್ಲೇ ನೆಲೆ ನಿಂತಿತು. ಪ್ರೆಸಿಲ್ಲಾರ ಹುದ್ದೆಯೂ ಕಾಯಂ ಆಯಿತು.

ಮುಂದಿನ ವರ್ಷಗಳಲ್ಲಿ ಅಂಥ ಕಂಟೈನರ್‌ಗಳು ಸುತ್ತಲಿನ ಊರುಗಳಿಗೂ ಬಂದವು. ದಂಡದ ಪ್ರಕರಣಗಳು ಕಡಿಮೆಯಾದವು. ನೆರವು ಕೇಳಿ ಅವರ ಮನೆಯ ಬಾಗಿಲಿಗೆ ಹೋಗಿ ಬರಿಗೈಯಲ್ಲಿ ಹಿಂತಿರುಗಿದ ಕನ್ನಡಿಗ ನಮ್ಮ ಪೈಕಿ ಒಬ್ಬನೂ ಇಲ್ಲ.

ನಿವೃತ್ತಿಯೆಂದು ಅವರೇನೂ ಕಾಲು ಚಾಚಿ ಕೂರುವವರಲ್ಲ. ಬೇಟೆ ಪರವಾನಗಿ ಬಯಸುವವರಿಗೆ ಪಾಠ ಮಾಡಲು ಸಂಘದವರು ಅವರನ್ನು ಆಗಲೇ ಒಪ್ಪಿಸಿದ್ದಾರೆ. ಮೊದಲ ತರಗತಿಗೆ ಹೆಸರು ಕೊಟ್ಟವರಲ್ಲಿ ನಮ್ಮ ಲಾರೆನ್ಸ್ ಕೂಡ ಒಬ್ಬರು; ಇಷ್ಟು ವರ್ಷ ಇನ್ನೊಬ್ಬರು ಹೊಡೆದದ್ದನ್ನು ತಿಂದದ್ದು ಸಾಕಂತೆ. ಡಾ. ಪ್ರೆಸಿಲ್ಲಾ ನೂರು ವರ್ಷ ಗಟ್ಟಿಮುಟ್ಟಾಗಿರಲಿ, ಪಾಠ ಹೇಳುತ್ತಲೇ ಇರಲಿ, ಲಾರೆನ್ಸ್ ತೊರೆಯ ಬದಿಗೆ ಏನಾದರೂ ಎಸೆದರೆ ಅವರಿಗೂ ಮುಲಾಜಿಲ್ಲದೆ ದಂಡ ಹಾಕಿಸಲಿ.