ಡಬ್ಬದಮ್ಮ ಮತ್ತು ಸಿಡಿಲಕ್ಕ

ಬೀದಿಯ ಅಂಗಡಿಯವರೆಲ್ಲ ಅವಳನ್ನು ಡಬ್ಬದಮ್ಮ ಎನ್ನುತ್ತಿದ್ದರು. ಹೆಸರಿಟ್ಟವನು ಚಪ್ಪಲಿ ಅಂಗಡಿಯವನು. ಬೆಳಿಗ್ಗೆ ಅವನು ಶಟರ್ ಎತ್ತುವುದೇ ತಡ, ಅವಳು ಎದುರಿಗೆ ಹಾಜರು. "ಅಣ್ಣಾ, ಖಾಲಿ ರಟ್ಟಿನ ಡಬ್ಬ ಇದ್ರೆ ಕೊಡಿ." ಕೊಟ್ಟದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಎತ್ತಿಕೊಂಡು ಹೋಗುವವಳಲ್ಲ. ನಾಲ್ಕು ಮೂಲೆ ಒತ್ತಿ ನೋಡಬೇಕು, ತಳ ಬಡಿದು ನೋಡಬೇಕು, ತೇವದ ವಾಸನೆ ಇದೆಯೇ ಎಂದು ಮೂಸಿ ನೋಡಬೇಕು. ಹತ್ತರಲ್ಲಿ ಆರನ್ನು ವಾಪಸ್ಸು ಕೊಡುತ್ತಿದ್ದಳು. "ಪುಕ್ಕಟೆ ಡಬ್ಬಕ್ಕೆ ಇಷ್ಟೊಂದು ಪರೀಕ್ಷೆಯಾ! ಚಿನ್ನದಂಗಡಿಯವನೂ ಹೀಗೆ ನೋಡಲ್ಲ ಕಣಮ್ಮ" ಎಂದು ಅವನು ರೇಗಿಸಿದರೆ, ನಕ್ಕು, ಆರಿಸಿದ ನಾಲ್ಕನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು.

ಮನೆಯಲ್ಲಿ ಅವಳೂ ಒಂಬತ್ತು ವರ್ಷದ ಮಗಳು ಪುಟ್ಟಿಯೂ ಇಬ್ಬರೇ. ಮೊದಲ ಮಹಡಿಯಲ್ಲಿ ಎರಡು ಕೋಣೆ, ಹಿಂದುಗಡೆ ಕೆಳಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲು, ಅದರ ಬುಡದಲ್ಲಿ ಸಿಮೆಂಟಿನ ಪುಟ್ಟ ಹಿತ್ತಲು. ಅಮ್ಮ ಏನು ಕೆಲಸ ಮಾಡುತ್ತಾಳೆ ಎಂದು ಶಾಲೆಯಲ್ಲಿ ಯಾರಾದರೂ ಕೇಳಿದರೆ, "ಟಿವಿ ಸ್ಟುಡಿಯೋದಲ್ಲಿ ಡಬ್ಬ ಜೋಡಿಸ್ತಾಳೆ" ಎಂದು ಪುಟ್ಟಿ ಮುಖ ಸಣ್ಣದು ಮಾಡಿಕೊಂಡು ಹೇಳುತ್ತಿದ್ದಳು. ಅಮ್ಮ ಅವಳಿಗೆ ಹೇಳಿದ್ದು ಅಷ್ಟೇ. ಅದು ಸುಳ್ಳೇನೂ ಅಲ್ಲ. ಡಬ್ಬ ಜೋಡಿಸುತ್ತಿದ್ದಳು, ನಿಜ. ಜೋಡಿಸಿದ ಮೇಲೆ ಹೋಗಿ ಎತ್ತರ ಹತ್ತಿ, ಅದರ ಮೇಲೆ ಬೀಳುತ್ತಿದ್ದವಳೂ ಅವಳೇ ಎಂಬುದನ್ನು ಮಾತ್ರ ಬಾಯಿ ಬಿಟ್ಟಿರಲಿಲ್ಲ.

ಪ್ರತಿ ಸಂಜೆ ಮಕ್ಕಳೆಲ್ಲ ಟಿವಿ ಮುಂದೆ ಕೂತು ಕಣ್ಣುಮಿಟುಕಿಸದೆ ನೋಡುತ್ತಿದ್ದ ಸಿಡಿಲಕ್ಕ ಎಂಬ ಧಾರಾವಾಹಿ ಒಂದಿತ್ತು. ನೀಲಿ ಮುಖವಾಡ, ಬೆನ್ನಿಗೆ ಹಾರಾಡುವ ಕೆಂಪು ಬಟ್ಟೆ. ಮುಖವಾಡ ತೆಗೆದು ನಗುವವಳು, ಡೈಲಾಗ್ ಹೊಡೆಯುವವಳು, ಮಕ್ಕಳ ಪುಸ್ತಕಕ್ಕೆ ಸಹಿ ಹಾಕಿ ಕೊಡುವವಳು ಒಬ್ಬ ಚೆಂದದ ನಟಿ. ಆ ಹುಡುಗಿಗೆ ಮೇಜಿನಿಂದ ಇಳಿಯಲಿಕ್ಕೂ ಯಾರಾದರೂ ಕೈ ಹಿಡಿಯಬೇಕು. ಸೇತುವೆಯಿಂದ ಜಿಗಿಯುವ, ಗಾಜು ಒಡೆದುಕೊಂಡು ಬರುವ, ಮೂರನೇ ಮಹಡಿಯಿಂದ ಬೆನ್ನು ಕೆಳಗಾಗಿ ಬೀಳುವ ಸಿಡಿಲಕ್ಕ ಮಾತ್ರ ನಮ್ಮ ಡಬ್ಬದಮ್ಮ. ಮುಖ ಕಾಣಬಾರದು, ಹೆಸರು ಬರಬಾರದು, ಹೊರಗೆ ಹೇಳಬಾರದು. ಅದು ಆ ಕೆಲಸದ ಕಟ್ಟಳೆ, ಅವಳಿಗೂ ಅದೇ ಬೇಕಿತ್ತು.

ಯಾಕೆಂದರೆ ಅವಳು ಮಗಳಿಗೆ ಮಾತು ಕೊಟ್ಟಿದ್ದಳು. ಅವಳ ಗಂಡನದೂ ಇದೇ ಕೆಲಸ. ಮದುವೆಗೆ ಮುಂಚೆ ಇಬ್ಬರೂ ಒಂದೇ ಸ್ಟಂಟ್ ಮಾಸ್ಟರ್ ಹತ್ತಿರ ಬೀಳುವುದನ್ನು ಕಲಿತವರು. ಮಗು ಹುಟ್ಟಿದ ಮೇಲೆ ಅವಳು ಬಿಟ್ಟಳು, ಅವನು ಮುಂದುವರಿಸಿದ. ಪುಟ್ಟಿಗೆ ನಾಲ್ಕು ವರ್ಷವಿದ್ದಾಗ ಒಂದು ದಿನ ಯಾರೋ ಹೊಸಬ ಅವಸರದಲ್ಲಿ ಡಬ್ಬ ಜೋಡಿಸಿ, ಸುತ್ತ ಹಗ್ಗ ಬಿಗಿಯುವುದನ್ನೇ ಮರೆತ. ಬಿದ್ದ ಭಾರಕ್ಕೆ ಡಬ್ಬಗಳು ಅಕ್ಕಪಕ್ಕಕ್ಕೆ ಸರಿದವು. ಅವನು ನಡುವೆ ತೂರಿ ನೆಲಕ್ಕೆ ಹೋದ. ಎಲ್ಲ ಮುಗಿದು ಬಂದವರೆಲ್ಲ ಹೊರಟ ಮೇಲೆ ಮಗು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು.

"ನೀನು ಮೇಲೆ ಹತ್ತಲ್ಲ ಅಂತ ಹೇಳು."

"ಹತ್ತಲ್ಲ ಕಂದ."

"ಬೀಳಲ್ಲ ಅಂತ ಹೇಳು."

"ಬೀಳಲ್ಲ."

ಒಂದು ವರ್ಷ ಮಾತು ಉಳಿಸಿಕೊಂಡಳು. ಆ ವರ್ಷವೆಲ್ಲ ಸ್ಟುಡಿಯೋದಲ್ಲಿ ಅವಳದು ಬರೀ ಡಬ್ಬದ ಕೆಲಸ. ತಾನೇ ಕೇಳಿ ಪಡೆದದ್ದು. ಇನ್ನೊಬ್ಬರ ಕೈಗೆ ಆ ಕೆಲಸ ಹೋಗಬಾರದು ಎಂಬ ಒಂದೇ ಹಟ. ಡಬ್ಬದ ಬಾಯಿ ಮಡಚಬೇಕು, ಅಂಟಿಸಬಾರದು. ನಾಲ್ಕು ಮೂಲೆಯನ್ನೂ ಚಾಕುವಿನಿಂದ ಸೀಳಬೇಕು, ಬಿದ್ದಾಗ ಒಳಗಿನ ಗಾಳಿ ಹೊರಗೆ ಹೋಗಿ ಡಬ್ಬ ಮೆಲ್ಲಗೆ ಅಪ್ಪಚ್ಚಿಯಾಗಬೇಕು. ಕೊನೆಗೆ ಇಡೀ ರಾಶಿಗೆ ಹಗ್ಗ. "ಡಬ್ಬ ಗಟ್ಟಿ ಇರಬಾರದು ಕಣೇ, ಗಟ್ಟಿ ಇದ್ರೆ ನಮ್ಮನ್ನೇ ವಾಪಸ್ಸು ಹೊಡೆಯುತ್ತೆ" ಎಂದು ಗಂಡ ಬದುಕಿದ್ದಾಗ ಹೇಳುತ್ತಿದ್ದ. ಒಂದು ದಿನ ಬೀಳಬೇಕಾದ ಹುಡುಗಿ ಬರಲಿಲ್ಲ. ಮಾಸ್ಟರ್ ಅತ್ತಿತ್ತ ನೋಡಿ, ಕೊನೆಗೆ ಇವಳನ್ನು ನೋಡಿದರು. ಅದೇ ಎತ್ತರ, ಅದೇ ಮೈಕಟ್ಟು.

"ಒಂದೇ ಒಂದು ಸಲ ಕಣಮ್ಮ" ಎಂದರು.

ಆ ಒಂದೇ ಒಂದು ಸಲಕ್ಕೆ ನಾಲ್ಕು ವರ್ಷವಾಯಿತು. ಸಂಸಾರ ಸಾಗಬೇಕಲ್ಲ ಎಂದು ಅವಳು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ಅದೂ ಅರ್ಧ ನಿಜವೇ. ಉಳಿದರ್ಧವನ್ನು ನಾನು ಹೇಳುತ್ತೇನೆ: ಗಾಳಿಯಲ್ಲಿ ಇರುವ ಆ ಒಂದೆರಡು ಕ್ಷಣ ಅವಳಿಗೆ ಗಂಡ ಸತ್ತಿದ್ದಾನೆ ಎಂಬುದು ನೆನಪಿರುತ್ತಿರಲಿಲ್ಲ. ಮೊದಲ ಸಲ ಬಿದ್ದು ಎದ್ದಾಗ ಅತ್ತಳು. ನೋವಿಗಲ್ಲ, ಸಂತೋಷಕ್ಕೆ. ಅದಕ್ಕೇ ನಾಚಿಕೆಯೂ ಆಯಿತು.

ಮೈಮೇಲೆ ಗಾಯವಾಗದೆ ಇರುತ್ತದೆಯೇ? ಮೊಣಕೈ, ಭುಜ, ಮಂಡಿ, ಒಂದಲ್ಲ ಒಂದು ನೀಲಿಗಟ್ಟಿರುತ್ತಿತ್ತು. ಮನೆಗೆ ಹೊರಡುವ ಮುಂಚೆ ಮೇಕಪ್ಪಿನ ಅಕ್ಕ ಅವಳ ಚರ್ಮದ ಬಣ್ಣವನ್ನೇ ಕಲೆಸಿ ಅದರ ಮೇಲೆ ಹಚ್ಚಿ ಕಳಿಸುತ್ತಿದ್ದಳು. ಆದರೂ ಬೆವರಿಗೆ ಬಣ್ಣ ಅಳಿಸಿ ಪುಟ್ಟಿಯ ಕಣ್ಣಿಗೆ ಒಂದೊಂದು ಬೀಳುತ್ತಿತ್ತು. "ಇದೇನಮ್ಮಾ?" "ಡಬ್ಬದ ಅಂಚು ತರಚಿತು ಕಣೇ." ಮಗಳು ಮೂಗು ಮುರಿಯುತ್ತಿದ್ದಳು. "ಡಬ್ಬ ಜೋಡಿಸೋಕೂ ಬರಲ್ಲ ನಿಂಗೆ! ಸಿಡಿಲಕ್ಕನ್ನ ನೋಡಿ ಕಲಿ." ಸ್ಟೂಲು ಹತ್ತಲಿಕ್ಕೂ ಬಿಡದ ಅಮ್ಮನಿಗೆ ಅವಳು ಹೆದರುಪುಕ್ಕಿ ಎಂದು ಹೆಸರಿಟ್ಟಿದ್ದಳು. ಅಮ್ಮ ಅದನ್ನು ಕೇಳಿ ಒಳಗೊಳಗೇ ನಕ್ಕು ಅನ್ನಕ್ಕೆ ಇಡುತ್ತಿದ್ದಳು.

ಒಂದು ಸಂಜೆ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಟಿವಿಯಲ್ಲಿ ಸಿಡಿಲಕ್ಕ ಸೇತುವೆಯ ಅಂಚಿನಲ್ಲಿ ಬೆನ್ನು ತೋರಿಸಿ ನಿಂತಿದ್ದಳು. ನಿಂತಳು, ಜಿಗಿದಳು. ಪುಟ್ಟಿ ತಟ್ಟನೆ ತಿರುಗಿ ಅಮ್ಮನನ್ನು ನೋಡಿದಳು.

"ಏನೇ?"

"ಏನಿಲ್ಲ."

ಅಂದಿನಿಂದ ಪುಟ್ಟಿ ಗಾಯದ ಬಗ್ಗೆ ಕೇಳುವುದನ್ನು ಬಿಟ್ಟಳು. ಹೆದರುಪುಕ್ಕಿ ಎನ್ನುವುದನ್ನೂ ಬಿಟ್ಟಳು. ಅಮ್ಮ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಬಂದು ಕೂತು, ಅವಳನ್ನು ಅಡಿಯಿಂದ ಮುಡಿವರೆಗೆ ಒಂದು ಸಲ ನೋಡಿ, ಸುಮ್ಮನೆ ಕೈಚೀಲ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಮಗಳು ದೊಡ್ಡವಳಾಗುತ್ತಿದ್ದಾಳೆ, ಜವಾಬ್ದಾರಿ ಬಂದಿದೆ ಎಂದು ಇವಳು ಹಿಗ್ಗಿದಳು. ಹೆತ್ತವರ ಬುದ್ಧಿಗೆ ಏನು ಹೇಳುವುದು!

ಆಮೇಲೆ ಹಳೆಯ ಗಿರಣಿಯ ದೃಶ್ಯ ಬಂತು. ನಾಲ್ಕು ಮಹಡಿ ಎತ್ತರದಿಂದ ಸಿಡಿಲಕ್ಕ ಬೀಳಬೇಕು. ಅಷ್ಟು ಎತ್ತರದಿಂದ ಅವಳು ಎಂದೂ ಬಿದ್ದಿರಲಿಲ್ಲ. "ನಾಲ್ಕು ಮಹಡಿಗೆ ಇಷ್ಟು ಡಬ್ಬ ಸಾಲದು ಮಾಸ್ಟರ್, ಸೋಮವಾರಕ್ಕೆ ಇನ್ನೊಂದು ಸಾಲು ಬೇಕು, ಮೇಲಿನ ಸಾಲಿಗೆ ನಾನೇ ತರ್ತೀನಿ" ಎಂದು ಫೋನಿನಲ್ಲಿ ಹೇಳುತ್ತಿದ್ದಾಗ ಪುಟ್ಟಿ ಲೆಕ್ಕ ಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಇವಳು ವಾರವೆಲ್ಲ ಅಂಗಡಿ ಅಂಗಡಿ ತಿರುಗಿ ನಲವತ್ತು ಒಳ್ಳೆಯ ಡಬ್ಬ ಆರಿಸಿ ತಂದು ಹಿತ್ತಲಲ್ಲಿ ಮಡಚಿಟ್ಟಳು. ಶೂಟಿಂಗಿನ ಹಿಂದಿನ ದಿನ, ಭಾನುವಾರ, ಜಾಗ ನೋಡಿ ಬರಲು ಗಿರಣಿಗೆ ಹೊರಟಾಗ, ಮಗಳನ್ನು ನೋಡಿಕೊಳ್ಳಲು ಕೆಳಮನೆ ಅಜ್ಜಿಗೆ ಹೇಳಿದಳು. ಪುಟ್ಟಿ ಮೆಟ್ಟಿಲವರೆಗೆ ಬಂದು, "ಅಮ್ಮಾ, ನಾಳೆ ರಜ ಹಾಕು" ಎಂದಳು. "ಯಾಕೇ?" "ಸುಮ್ನೆ." "ಸುಮ್ನೆ ಎಲ್ಲ ರಜ ಕೊಡಲ್ಲ ಪುಟ್ಟಿ" ಎಂದು ಕೆನ್ನೆ ತಟ್ಟಿ ಹೋದಳು.

ನಾಲ್ಕು ಗಂಟೆಗೆ ವಾಪಸ್ಸು ಬಂದಾಗ ಮನೆಯ ಮುಂದೆ ಜನ. ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಮಗುವನ್ನು ಚಪ್ಪಲಿ ಅಂಗಡಿಯವನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅರ್ಧ ಗಂಟೆಯಾಗಿತ್ತು.

"ಬೆಳಿಗ್ಗೆಯಿಂದ ಹಿತ್ತಲಲ್ಲಿ ಡಬ್ಬ ಇಟ್ಕೊಂಡು ಆಡ್ತಿತ್ತಮ್ಮ. ನಾನೂ ಸುಮ್ಮನಾದೆ. ಆಮೇಲೆ ನೋಡ್ತೀನಿ, ಮೆಟ್ಟಿಲ ಮೇಲಿನ ಗೋಡೆ ಹತ್ತಿ ನಿಂತಿದೆ. ಎಡಗಿವಿ ಎರಡು ಸಲ ಎಳ್ಕೊಂಡ್ತು. ಇಳಿಯೇ ಅನ್ನೋದ್ರೊಳಗೆ…"

ಎಡಗಿವಿಯ ತುದಿಯನ್ನು ಎರಡು ಸಲ ಎಳೆದುಕೊಳ್ಳುವುದು ಡಬ್ಬದಮ್ಮನದೇ ಅಭ್ಯಾಸ, ಗಂಡನಿಂದ ಬಂದದ್ದು. ಜಿಗಿಯುವ ಮುಂಚೆ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಮನೆಯಲ್ಲಿ ಭಾರದ ಪಾತ್ರೆ ಎತ್ತುವಾಗಲೂ ಹೋಗುತ್ತಿತ್ತು. ಸೇತುವೆಯ ಅಂಚಿನಲ್ಲಿ ಬೆನ್ನು ತೋರಿಸಿ ನಿಂತಾಗಲೂ ಹೋಗಿರಬೇಕು.

ಹಿತ್ತಲಿಗೆ ಓಡಿದಳು. ಮಡಚಿಟ್ಟಿದ್ದ ನಲವತ್ತು ಡಬ್ಬಗಳನ್ನೂ ಬಿಡಿಸಿ ನಿಲ್ಲಿಸಿ, ಮಗು ಅವಕ್ಕೆಲ್ಲ ಟೇಪು ಸುತ್ತಿತ್ತು. ಬಾಯಿಗೆ, ತಳಕ್ಕೆ, ನಾಲ್ಕು ಮೂಲೆಗೆ, ಒಂದರ ಮೇಲೊಂದು, ಎಲ್ಲೂ ಒಂದು ಸಂದು ಬಿಡದೆ. ಗಾಳಿ ಹೋಗಲು ದಾರಿಯಿಲ್ಲದ ಡಬ್ಬಗಳು ಕಲ್ಲಿನ ಹಾಗೆ ಬಿಗಿದುಕೊಂಡಿದ್ದವು. ರಾಶಿಗೆ ಹಗ್ಗವಿರಲಿಲ್ಲ. ಒಂದೂ ಅಪ್ಪಚ್ಚಿಯಾಗಿರಲಿಲ್ಲ. ಅವು ಮಗುವನ್ನು ಪಕ್ಕಕ್ಕೆ ಚಿಮ್ಮಿ ಸಿಮೆಂಟಿಗೆ ಎಸೆದಿದ್ದವು.

ಆಸ್ಪತ್ರೆಯಲ್ಲಿ ಪುಟ್ಟಿಯ ಬಲಗಾಲನ್ನು ಸೊಂಟದಿಂದ ಪಾದದವರೆಗೆ ಬ್ಯಾಂಡೇಜಿನಲ್ಲಿ ಹೂತಿಟ್ಟಿದ್ದರು. ಅಮ್ಮನನ್ನು ಕಂಡು ಅವಳು ಮೊದಲು ಕೇಳಿದ್ದು, "ಟೇಪು ಕಿತ್ತುಬಿಟ್ಯಾ?"

"ಯಾಕೆ ಕಂದ ಹೀಗೆ ಮಾಡಿದೆ?"

"ನಾಳೆ ತುಂಬಾ ಎತ್ತರ ಅಲ್ವಾ. ಡಬ್ಬ ಮೆತ್ತಗಿತ್ತು. ಒತ್ತಿದ್ರೆ ಒಳಗೆ ಹೋಗ್ತಿತ್ತು. ಅಪ್ಪನ ಹಾಗೆ ನೀನೂ ಒಳಗೆ ಹೋಗಿಬಿಡ್ತೀಯ ಅಂತ ಎಲ್ಲ ಗಟ್ಟಿ ಮಾಡಿದೆ." ಬ್ಯಾಂಡೇಜಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿದಳು. "ಗಟ್ಟಿ ಆಗಿದೆಯಾ ಅಂತ ಮೊದ್ಲು ನಾನು ನೋಡಿದೆ ಅಷ್ಟೇ."

"ನಿಂಗೆ ಗೊತ್ತಿತ್ತಾ ಪುಟ್ಟಿ? ಗೊತ್ತಿದ್ರೆ ನನ್ನ ಕೇಳಬಾರದಿತ್ತಾ?"

"ನೀನು ಹೇಳಬಾರದು ಅಂತ ಇಟ್ಕೊಂಡಿದ್ಯಲ್ಲ" ಎಂದಳು ಮಗಳು. "ನಾನೂ ಯಾರಿಗೂ ಹೇಳಿಲ್ಲ."

ಡಬ್ಬದಮ್ಮ ಹೊರಗೆ ಬಂದು ಗೋಡೆಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಡಬ್ಬ ಗಟ್ಟಿ ಇರಬಾರದು ಎಂಬ ಒಂದು ಮಾತು. ಸ್ಟುಡಿಯೋದಲ್ಲಿ ಬಂದವರಿಗೆಲ್ಲ ಬಾಯಿ ನೋಯುವಷ್ಟು ಹೇಳಿದ ಆ ಮಾತನ್ನು ಮಗಳಿಗೆ ಮಾತ್ರ ಹೇಳಿರಲಿಲ್ಲ. ಹೇಳಿದ್ದರೆ ಗುಟ್ಟು ಹೊರಗೆ ಬರುತ್ತಿತ್ತು. ಮಗುವಿಗೆ ಭಯವಾಗಬಾರದು ಎಂದು ಮುಚ್ಚಿಟ್ಟಳು, ಮಗು ಆ ಭಯವನ್ನು ತಾನೊಂದೇ ಹೊತ್ತುಕೊಂಡು ತಿರುಗಿತ್ತು. ಬೆಳೆಯುವ ಎಲುಬಿಗೇ ಪೆಟ್ಟು ಬಿದ್ದಿದೆ, ಆ ಕಾಲು ಇನ್ನೊಂದರ ಸಮಕ್ಕೆ ಬರುವುದಿಲ್ಲ ಎಂದರು ಡಾಕ್ಟರು. ಕೇಳಿಸಿಕೊಂಡಳು, ತಲೆಯಾಡಿಸಿದಳು.

ಗಿರಣಿಯ ಮೇಲಿಂದ ಅವಳ ಬದಲು ಬೇರೊಬ್ಬ ಹುಡುಗಿ ಬಿದ್ದಳು. ಮಾಸ್ಟರ್ ಮೂರು ಸಲ ಮನೆಗೆ ಬಂದರು, ನಾಲ್ಕನೇ ಸಲ ಬರಲಿಲ್ಲ. ಡಬ್ಬದಮ್ಮ ಮತ್ತೆ ಬರೀ ಡಬ್ಬ ಜೋಡಿಸುವ ಕೆಲಸಕ್ಕೆ ಸೇರಿದಳು. ಮೂಲೆ ಸೀಳುತ್ತಾಳೆ, ಹಗ್ಗ ಬಿಗಿಯುತ್ತಾಳೆ, ಆ ಹುಡುಗಿ ಬಿದ್ದು ಎದ್ದು ನಗುವವರೆಗೆ ಉಸಿರು ಬಿಡುವುದಿಲ್ಲ. ಮಗಳಿಗೆ ಇಷ್ಟು ವರ್ಷ ಹೇಳಿದ್ದು ಈಗ ಪೂರ್ತಿ ನಿಜವಾಗಿದೆ.

ಆದರೆ ಪುಟ್ಟಿ ನಂಬುವುದಿಲ್ಲ. ಸಂಜೆ ಅಮ್ಮ ಬರುವ ಹೊತ್ತಿಗೆ ಕೋಲೂರಿಕೊಂಡು ಬಂದು ಮೆಟ್ಟಿಲ ಮೇಲೆ ಕೂರುತ್ತಾಳೆ. "ಇವತ್ತು ಎಷ್ಟು ಎತ್ತರ?" ಎಂದು ಕೇಳುತ್ತಾಳೆ.

"ನಾನು ಹತ್ತಲೇ ಇಲ್ಲ ಕಂದ. ಡಬ್ಬ ಜೋಡಿಸಿ ಬಂದೆ. ನಿನ್ನಾಣೆ."

"ಕೈ ತೋರಿಸು."

ಅಮ್ಮ ಎದುರಿಗೆ ಕೂತು ಎರಡೂ ಮೊಣಕೈ ಮುಂದೆ ಚಾಚುತ್ತಾಳೆ. ಪುಟ್ಟಿ ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಬಣ್ಣ ಹಚ್ಚಿದ್ದಾಳೇನೋ ಎಂದು ಆ ಚರ್ಮವನ್ನು ಉಜ್ಜುತ್ತಾಳೆ. ಬಣ್ಣ ಬರುವುದಿಲ್ಲ. ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಒದ್ದೆ ಮಾಡಿಕೊಂಡು, ಇನ್ನೊಂದು ಮೊಣಕೈ ಉಜ್ಜುತ್ತಾಳೆ.