ಸಿಕ್ಕಿಕೊಳ್ಳದ ಗಾಳ

“ಸಿಕ್ಕಿಹಾಕಿಕೊಳ್ಳದೇ ಇರೋದು ಯಾವುದಾದ್ರೂ ಇದ್ರೆ ಕೊಡಿ,” ಎಂದಳು ಟೈಲರಮ್ಮ.

ಗಾಳದ ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದ. ಅವನಲ್ಲಿಗೆ ಬರುವವರೆಲ್ಲ ಸಿಕ್ಕಿಹಾಕಿಕೊಳ್ಳುವುದನ್ನೇ ಕೇಳಿಕೊಂಡು ಬರುವವರು. ಮೀನು ಒಮ್ಮೆ ಕಚ್ಚಿದರೆ ಬಿಡಬಾರದು, ಅಷ್ಟೇ ಅವರ ಬೇಡಿಕೆ. ಈಕೆಯೋ ಗಾಜಿನ ಕೌಂಟರಿಗೆ ಮೊಣಕೈ ಊರಿ ನಿಂತಲ್ಲೇ ತೂಕಡಿಸುತ್ತಿದ್ದಾಳೆ. ಕೊರಳಲ್ಲಿ ಅಳತೆ ಟೇಪು ಇನ್ನೂ ಜೋತಾಡುತ್ತಿದೆ, ಎಡಗೈ ತೋರುಬೆರಳಿಗೆ ದಪ್ಪ ಬ್ಯಾಂಡೇಜು.

“ಯಾವುದಕ್ಕೆ ಸಿಕ್ಕಿಕೊಳ್ಳಬಾರ್ದು ಅಮ್ಮಾ? ಮೀನಿಗಾ, ಗಿಡಗಂಟಿಗಾ?”

“ಯಾವುದಕ್ಕೂ. ಸಿಕ್ಕಿಕೊಂಡ್ರೆ ಬಿಡಿಸೋಕೆ ನಾನೇ ಏಳಬೇಕು.”

ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರು. ಅಂಗಡಿಯವನು ನಗಲಿಲ್ಲ, ಒಂದು ಸ್ಟೂಲು ಎಳೆದು ಕೊಟ್ಟ. ಕೂತರೆ ಅಲ್ಲೇ ನಿದ್ದೆ ಹೋದೇನೆಂದು ಹೆದರಿ ಟೈಲರಮ್ಮ ನಿಂತೇ ಇದ್ದಳು.

ಅವಳ ಕಷ್ಟ ಇಷ್ಟೇ. ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಯಜಮಾನರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಮಾತು ಉಳಿದಿತ್ತು, ಆದರೆ ಒಂದೊಂದು ಪದಕ್ಕೂ ತಡಕಾಡಬೇಕು. ಅದರ ಬದಲು ಎಡಗೈಯಲ್ಲಿ ಚಮಚ ಹಿಡಿದು ಮಂಚದ ಕಂಬಿಗೆ ಬಡಿಯುವುದನ್ನು ರೂಢಿಸಿಕೊಂಡಿದ್ದರು. ನೀರು ಬೇಕೆಂದರೆ ಟಣ್. ದಿಂಬು ಜಾರಿದರೆ ಟಣ್. ಕಿಟಕಿ ತೆಗೆ ಎನ್ನಲು ಟಣ್, ತೆಗೆದ ಮೇಲೆ ಮುಚ್ಚು ಎನ್ನಲು ಮತ್ತೆ ಟಣ್. ಕೆಟ್ಟ ಮನುಷ್ಯರಲ್ಲ ಅವರು. ದಿನವಿಡೀ ಎಂಜಿನ್ನುಗಳ ಹೊಟ್ಟೆಯೊಳಗೆ ಕೈ ಹಾಕಿಕೊಂಡಿದ್ದವರನ್ನು ಒಂದು ಕೋಣೆಯಲ್ಲಿ ಮಲಗಿಸಿದರೆ ಪಾಪ ಅವರಾದರೂ ಏನು ಮಾಡಬೇಕು? ಆದರೂ ರಾತ್ರಿ ಹಗಲು ಆ ಸದ್ದಿಗೆ ಎದ್ದು ಓಡಿ ಟೈಲರಮ್ಮ ಸವೆದುಹೋಗಿದ್ದಳು.

ಇದರ ಮೇಲೆ ಹೊಲಿಗೆ ಬೇರೆ. ಪ್ಯಾಂಟಿನ ಅಂಚು ಮಡಿಸುವುದು, ಜಿಪ್ಪು ಬದಲಿಸುವುದು, ಮದುವೆಯಾಗಿ ಮೈ ತುಂಬಿಕೊಂಡವರ ಉಡುಪು ಬಿಚ್ಚಿ ಅಗಲ ಮಾಡುವುದು. ಮೆಷಿನ್ನು ಮುಂದಿನ ಕೋಣೆಯಲ್ಲಿ, ಮಂಚವೂ ಅಲ್ಲೇ. ಮೊನ್ನೆ ಒಂದು ಪರದೆ ಹೊಲಿಯುತ್ತ ತೂಕಡಿಸಿದವಳಿಗೆ ಎಚ್ಚರವಾದಾಗ ಸೂಜಿ ಉಗುರನ್ನು ತೂರಿಕೊಂಡು ಹೋಗಿತ್ತು. ನೋವಿಗಿಂತ ಹೆಚ್ಚು ಅವಳನ್ನು ಹೆದರಿಸಿದ್ದು ಇನ್ನೊಂದು: ಸೂಜಿ ಚುಚ್ಚಿದ ಮೇಲೂ ಕಣ್ಣು ತೆರೆಯಲು ಮನಸ್ಸಾಗಿರಲಿಲ್ಲ.

ಸುದ್ದಿ ತಿಳಿದು ನಾದಿನಿ ಫೋನ್ ಮಾಡಿದಳು. “ಅಣ್ಣ ತುಂಬಾ ಸೊರಗಿದಾನೆ ಅತ್ತಿಗೆ, ಚೆನ್ನಾಗಿ ನೋಡ್ಕೊಳ್ಳಿ,” ಎಂದಳು. ಬೆರಳಿನ ವಿಷಯ ಕೇಳಲು ಅವಳಿಗೆ ನೆನಪಾಗಲಿಲ್ಲ. ದೂರದಲ್ಲಿದ್ದುಕೊಂಡು ಪ್ರೀತಿ ಸುರಿಸುವವರಿಗೆ ಇಂಥ ಚಿಕ್ಕಪುಟ್ಟ ಮರೆವು ಸಹಜ.

ಹೊರದಾರಿ ಕಂಡದ್ದು ಆಕಸ್ಮಿಕವಾಗಿ. ಬೀದಿಯ ಕೊನೆಗೆ ಒಂದು ಕೆರೆ, ದಂಡೆಯುದ್ದಕ್ಕೂ ಸಿಮೆಂಟಿನ ಹಾದಿ, ಮರದ ಕೆಳಗೊಂದು ಉದ್ದನೆಯ ಬೆಂಚು. ಒಂದು ಮಧ್ಯಾಹ್ನ ಗಾಲಿಕುರ್ಚಿಯನ್ನು ಅಲ್ಲಿವರೆಗೆ ತಳ್ಳಿಕೊಂಡು ಹೋಗಿದ್ದಳು. ಯಜಮಾನರು ನೀರನ್ನೇ ನೋಡುತ್ತ ಕೂತರು. ಟೈಲರಮ್ಮ ಬೆಂಚಿನ ಮೇಲೆ ಕೊಂಚ ಒರಗಿದಳು, ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು. ಅಷ್ಟು ಹೊತ್ತೂ ಅವಳನ್ನು ಯಾರೂ ಕರೆದಿರಲಿಲ್ಲ. ಆ ನಿದ್ದೆಯ ರುಚಿ ಅವಳಿಗೆ ವಾರವಿಡೀ ನೆನಪಿತ್ತು. ಆದರೆ ಎರಡನೆಯ ಸಲ ಹೋದಾಗ ಬರೀ ನೀರು ನೋಡಿ ಅವರಿಗೆ ಬೇಸರ ಬಂತು, ಚಮಚ ಕುರ್ಚಿಯ ಕಂಬಿಯನ್ನು ಹುಡುಕಿಕೊಂಡಿತು.

ವಿಪರ್ಯಾಸ ನೋಡಿ. ಮೈ ಗಟ್ಟಿಯಿದ್ದ ಕಾಲದಲ್ಲಿ ಯಜಮಾನರಿಗೆ ಮೀನಿನ ಹುಚ್ಚು. ಬಾಸ್ ಎಂಬ ದೊಡ್ಡ ಬಾಯಿಯ ಕೆರೆಮೀನು ಅವರ ಪ್ರಾಣ. ರಜೆ ಬಂತೆಂದರೆ ನಸುಕಿನಲ್ಲೇ ಮನೆ ಬಿಟ್ಟವರು ಕತ್ತಲಾದ ಮೇಲೆ ವಾಪಸು. ಆ ಕೋಲು, ಆ ದಾರ ಸುತ್ತುವ ರೀಲು, ಆ ಬಣ್ಣಬಣ್ಣದ ಹುಸಿಮೀನುಗಳ ಪೆಟ್ಟಿಗೆ, ಇವನ್ನೆಲ್ಲ ಟೈಲರಮ್ಮ ಸವತಿಯನ್ನು ಬೈದಂತೆ ಬೈದಿದ್ದಳು. ಈಗ ಅದೇ ಸವತಿಯನ್ನು ಕೈಹಿಡಿದು ಮನೆಗೆ ಕರೆತರಲು ಅಂಗಡಿಗೆ ಬಂದಿದ್ದಳು.

“ಒಂದೇ ಕೈ ಅಂದ್ರೆ ಅವರ ಹಳೇ ರೀಲು ಆಗಲ್ಲ,” ಎಂದ ಅಂಗಡಿಯವನು. “ಅದರಲ್ಲಿ ಎಸೆಯುವಾಗ ಹೆಬ್ಬೆರಳಿಂದ ದಾರ ಒತ್ತಿಹಿಡೀಬೇಕು. ಸ್ವಲ್ಪ ತಪ್ಪಿದ್ರೂ ಗೋಜಲು ಗೋಜಲು.”

“ಗೋಜಲಾದ್ರೆ ಬಿಡಿಸೋದು ಯಾರು?”

“ನೀವೇ.”

“ಬೇಡ. ಮುಂದಿಂದು ತೋರಿಸಿ.”

ಅವನು ಮುಚ್ಚಳವಿರುವ ಒಂದು ರೀಲನ್ನು ಮುಂದಿಟ್ಟ. ದಾರವೆಲ್ಲ ಒಳಗೆ, ಮೂತಿಯ ತೂತಿನಿಂದ ಹೊರಗೆ. ಹಿಂದೆ ಒಂದು ಒತ್ತುಗುಂಡಿ. ಒತ್ತಿ ಹಿಡಿದು ಕೋಲು ಬೀಸಬೇಕು, ಬಿಟ್ಟರೆ ದಾರ ಹೋಗುತ್ತದೆ. ಆಮೇಲೆ ಕೋಲನ್ನು ಎಲ್ಲಾದರೂ ಸಿಕ್ಕಿಸಿ ಅದೇ ಕೈಯಿಂದ ಹಿಡಿ ತಿರುಗಿಸಬಹುದು. ಪಳಗಿದವರು ಇದನ್ನು ಮಕ್ಕಳ ರೀಲು ಎಂದು ಮೂಗು ಮುರಿಯುತ್ತಾರೆಂದೂ ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಹಿಡಿಯನ್ನು ಬಿಚ್ಚಿ ಎಡಗಡೆಗೆ ಕೂರಿಸಿಕೊಟ್ಟ.

ದಾರದ ವಿಷಯ ಬಂದಾಗ ಟೈಲರಮ್ಮನಿಗೆ ಸ್ವಲ್ಪ ಎಚ್ಚರವಾಯಿತು. ದಾರವೆಂದರೆ ಅವಳ ಕಸುಬು. ಹೆಣೆದ ದಾರವನ್ನು ಎಳೆದು ನೋಡಿದಳು. ಬಲವೇನೋ ಬೇಕಾದಷ್ಟಿತ್ತು, ಆದರೆ ಒಂಚೂರೂ ಹಿಗ್ಗದು, ಬೆರಳನ್ನು ಕೊಯ್ದುಬಿಡುವಂತಿತ್ತು. ನೀರಲ್ಲಿ ಕಾಣಿಸುವುದಿಲ್ಲವೆಂದು ಅವನು ಹೊಗಳಿದ ಇನ್ನೊಂದು ದಾರ, ತಂತಿಯ ಹಾಗೆ ಸೆಟೆದುಕೊಂಡಿತ್ತು. ಮೂರನೆಯದು ಮಾಮೂಲಿ ನೈಲಾನ್.

“ಇದು ಎಳೆದಷ್ಟು ಹಿಗ್ಗುತ್ತೆ ಅಮ್ಮಾ. ಹಿಡಿದಿರೋರು ತಪ್ಪು ಮಾಡಿದ್ರೂ ತಡ್ಕೊಳ್ಳುತ್ತೆ. ಒಂದು ದಿನ ಇದ್ದಕ್ಕಿದ್ದ ಹಾಗೆ ಹರಿಯುತ್ತೆ ಅನ್ನೋದೊಂದೇ ತೊಂದರೆ.”

ಟೈಲರಮ್ಮನಿಗೆ ತನ್ನ ವಿಷಯವನ್ನೇ ಯಾರೋ ಹೇಳಿದಂತಾಯಿತು. ಅದನ್ನೇ ಸುತ್ತಿಕೊಡಲು ಹೇಳಿದಳು.

ಕೊನೆಗೆ ಮೀನನ್ನು ಮೋಸಗೊಳಿಸುವ ಆಟಿಕೆ, ಲ್ಯೂರು. ಮೂರು ಮೂರು ಕವಲಿನ ಕೊಕ್ಕೆ ಜೋತುಬಿದ್ದ ಮರದ ಮೀನುಗಳನ್ನು ಅವಳು ಮುಟ್ಟಲೂ ಇಲ್ಲ. ತಗಡಿನ ರೆಕ್ಕೆ ತಿರುಗುವವು, ನೀರ ಮೇಲೆ ಕುಪ್ಪಳಿಸುವ ಕಪ್ಪೆ, ಎಲ್ಲವನ್ನೂ ಅವನು ಸಾಲಾಗಿ ಹರಡಿದ. ಅವಳು ಆರಿಸಿದ್ದು ಕಂದುಬಣ್ಣದ ಒಂದು ರಬ್ಬರ್ ಹುಳು. ಅದರ ಕೊಕ್ಕೆಯ ಮೊನೆ ಹುಳುವಿನ ಮೈಯೊಳಗೇ ಅಡಗಿರುತ್ತದೆ, ಜೊಂಡಿನ ನಡುವೆ ಎಳೆದರೂ ಸುಲಭಕ್ಕೆ ಸಿಕ್ಕಿಕೊಳ್ಳದು.

“ಇದರಲ್ಲಿ ಮೀನು ತಪ್ಪಿಸ್ಕೊಳ್ಳೋದೂ ಉಂಟು,” ಎಂದ ಅಂಗಡಿಯವನು.

“ತಪ್ಪಿಸ್ಕೊಳ್ಳಲಿ ಬಿಡಿ, ಅದಕ್ಕೂ ಮನೆಮಠ ಇರುತ್ತೆ,” ಎಂದಳು.

ಯಜಮಾನರು ಆ ರೀಲನ್ನು ಕಂಡು ಮುಖ ಸಿಂಡರಿಸಿದರು. “ಮಕ್ಕಳದ್ದು,” ಎಂದರು. ಆದರೆ ಕೈ ಬಿಡಲಿಲ್ಲ. ಟೈಲರಮ್ಮ ದಪ್ಪ ಕ್ಯಾನ್ವಾಸಿನಲ್ಲಿ ಒಂದು ಸೊಂಟಪಟ್ಟಿ ಹೊಲಿದು, ಅದಕ್ಕೆ ಕೋಲಿನ ಬುಡ ಕೂರುವಂಥ ಚೀಲ ಜೋಡಿಸಿದಳು. ಎಡಗೈ ಎಸೆತ ಮೊದಮೊದಲು ಹುಲ್ಲಿಗೆ ಬಿತ್ತು, ಹಾದಿಗೆ ಬಿತ್ತು, ಒಮ್ಮೆ ಬೆಂಚಿನ ಮೇಲಿದ್ದ ಅವಳ ಕಾಲ ಬುಡಕ್ಕೇ ಬಿತ್ತು. ಬರಬರುತ್ತ ನೀರಿಗೆ ಬೀಳತೊಡಗಿತು. ಚಮಚದ ನೆನಪು ಅವರಿಗೆ ಆಗಲೇ ಇಲ್ಲ.

ಎಲ್ಲ ಸರಿಹೋಯಿತೆಂದು ಅವಳು ಕಾಲು ಚಾಚಿ ಮಲಗಿದ ದಿನವೇ ಅದು ನಡೆಯಿತು. ಎದ್ದು ನೋಡಿದರೆ ಯಜಮಾನರ ತೊಡೆಯ ಮೇಲಿನ ಬಟ್ಟೆಯೆಲ್ಲ ರಕ್ತ. ಹುಳುವಿನಿಂದ ಹೊರಬಂದ ಕೊಕ್ಕೆ ಅವರ ಬಲ ಅಂಗೈಯೊಳಗೆ ನಾಟಿತ್ತು. ಆ ಕೈಗೆ ಸ್ಪರ್ಶವಿಲ್ಲ, ಅವರಿಗೆ ಗೊತ್ತೇ ಆಗಿರಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಮೈ, ಬೇಗ ನಿಲ್ಲಲೂ ಇಲ್ಲ. ಆಸ್ಪತ್ರೆಯ ನರ್ಸು ಕೊಕ್ಕೆ ಕತ್ತರಿಸಿ ತೆಗೆದು, “ನೋಡ್ಕೊಳ್ಳೋರು ಯಾರೂ ಇರ್ಲಿಲ್ವಾ?” ಎಂದು ಕೇಳಿದಳು.

ಮನೆಗೆ ಬಂದ ಟೈಲರಮ್ಮ ತನ್ನ ಗುಂಡಿಗಳ ಡಬ್ಬಿ ತೆಗೆದು ಒಂದು ಕಪ್ಪು ಅಂಗಿಗುಂಡಿ ಆರಿಸಿದಳು. ಇನ್ನೊಂದು ರಬ್ಬರ್ ಹುಳುವಿನ ತಲೆಯನ್ನು ಸೀಳಿ, ಕೊಕ್ಕೆ ಇರಬೇಕಾದ ಜಾಗದಲ್ಲಿ ಗುಂಡಿಯನ್ನಿಟ್ಟು, ಗಾಳದ ದಾರವನ್ನು ಅದರ ಕಣ್ಣುಗಳಲ್ಲಿ ಪೋಣಿಸಿ ಗಂಟುಹಾಕಿ, ಸೀಳಿಗೆ ಹೊಲಿಗೆ ಹಾಕಿದಳು. ಹೊರಗಿಂದ ಏನೂ ಕಾಣುತ್ತಿರಲಿಲ್ಲ. ಯಜಮಾನರು ಪರೀಕ್ಷಿಸಲೂ ಇಲ್ಲ. ಹೆಂಡತಿ ಕಟ್ಟಿಕೊಟ್ಟಿದ್ದನ್ನು ಯಾರು ತಿರುಗಿಸಿ ಮುರುಗಿಸಿ ನೋಡುತ್ತಾರೆ?

ಅವರ ಕೈಯ ಭಯಕ್ಕೆ ಹೀಗೆ ಮಾಡಿದಳೆಂದು ಹೇಳಬಹುದಿತ್ತು, ಅವಳೂ ತನಗೆ ತಾನೇ ಹಾಗೆ ಹೇಳಿಕೊಂಡಳು. ಭಯ ಇದ್ದದ್ದು ನಿಜ. ಆದರೆ ಗುಂಡಿಗೆ ದಾರ ಬಿಗಿಯುವಾಗ ಅವಳ ಮನಸ್ಸಿನಲ್ಲಿದ್ದದ್ದು ಆ ಬೆಂಚು. ಕೊಕ್ಕೆ ಇಲ್ಲದ ಮೇಲೆ ಬೇರಿಗೆ ಸಿಕ್ಕಿಕೊಳ್ಳುವುದಿಲ್ಲ, ಮೀನು ಬರುವುದಿಲ್ಲ, ಬಂದ ಮೀನನ್ನು ಬಿಡಿಸುವ ಕೆಲಸವೂ ಇಲ್ಲ.

ಮಧ್ಯಾಹ್ನಗಳು ಹಾಗೆ ನಡೆದವು. ಟೈಲರಮ್ಮ ಕೊರಡಿನಂತೆ ಮಲಗುತ್ತಿದ್ದಳು. ಮುಖಕ್ಕೆ ಸ್ವಲ್ಪ ಕಳೆ ಬಂತು, ಮೆಷಿನ್ನಿನ ಮುಂದೆ ತೂಕಡಿಸುವುದು ನಿಂತಿತು. ಆದರೆ ಯಜಮಾನರ ಮುಖ ದಿನೇ ದಿನೇ ಇಳಿಯತೊಡಗಿತು. ಬಾಸ್ ಮೀನಿಗೇನು ಗೊತ್ತು ಒಳಗಿರುವುದು ಗುಂಡಿ ಎಂದು? ಅದು ಬಂದು ಕಚ್ಚುತ್ತಿತ್ತು. ಕೋಲು ಬಾಗುತ್ತಿತ್ತು, ಅವರು ಮೈಯೆಲ್ಲ ಬಿಗಿಹಿಡಿದು ಎಳೆಯುತ್ತಿದ್ದರು, ಮರುಗಳಿಗೆ ದಾರ ಸಡಿಲ. ಪ್ರತಿಸಲವೂ ಅಷ್ಟೇ.

“ತಪ್ಪಿಹೋಯ್ತು,” ಎನ್ನುತ್ತಿದ್ದರು ಮೊದಲು. ಆಮೇಲೆ, “ತಡ ಮಾಡ್ದೆ,” ಎಂದರು. ಒಂದು ದಿನ ಮನೆಗೆ ಬರುವ ಹಾದಿಯಲ್ಲಿ ಎಡಗೈಯನ್ನು ತೊಡೆಯ ಮೇಲೆ ಮಗುಚಿಟ್ಟು ನೋಡುತ್ತ, “ಇದೂ ಹೋಯ್ತು,” ಎಂದರು.

ಕುರ್ಚಿ ತಳ್ಳುತ್ತಿದ್ದ ಟೈಲರಮ್ಮ ಹೇಳಿಬಿಡೋಣವೆಂದು ಬಾಯಿ ತೆರೆದಳು. ಹೇಳಿದರೆ ಕೊಕ್ಕೆ ಕಟ್ಟಬೇಕು, ಕಟ್ಟಿದರೆ ಪಕ್ಕದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. “ನಾಳೆ ಸಿಗುತ್ತೆ ಬಿಡ್ರೀ,” ಎಂದಳು.

ಮರುದಿನ ಅವರು ಸೊಂಟಪಟ್ಟಿ ಕಟ್ಟಿಸಿಕೊಳ್ಳಲು ಒಪ್ಪಲಿಲ್ಲ. “ಬೇಡ. ಇನ್ನು… ಆಗಲ್ಲ ನಂಗೆ.” ಗೋಡೆ ಕಡೆ ತಿರುಗಿದರು. ಕೈ ಚಮಚ ಹುಡುಕುತ್ತಿತ್ತು.

ಟೈಲರಮ್ಮನಿಗೆ ಅಲ್ಲಿಗೆ ಬೆಂಚೂ ಹೋಯಿತು, ನಿದ್ದೆಯೂ ಹೋಯಿತು. “ಇವತ್ತೊಂದು ದಿನ ಬನ್ನಿ. ನನಗೋಸ್ಕರ ಬನ್ನಿ,” ಎಂದು ಅಂಗಲಾಚಿದಳು. ಅವಳ ದನಿ ಕೇಳಿ ಅವರು ಈ ಕಡೆ ತಿರುಗಿದರು, ಬಂದರು.

ಅವತ್ತು ಅವಳನ್ನು ಎಬ್ಬಿಸಿದ್ದು ಅವರ ಕೂಗು. ಪದವಲ್ಲ, ಬರೀ ಕೂಗು. ಅವಳು ಬೆಂಚಿನಿಂದ ಬಿದ್ದಂತೆ ಎದ್ದು ಓಡಿದಳು. ದಂಡೆಯ ನೀರಿನಲ್ಲಿ ಒಂದು ಮೀನು, ಮೊಳದುದ್ದದ್ದು, ಹುಳುವನ್ನು ಕಚ್ಚಿಕೊಂಡೇ ಕುರ್ಚಿಯ ಬುಡದವರೆಗೂ ಬಂದಿತ್ತು. ಅವಳು ನೋಡುತ್ತಿದ್ದಂತೆ ಅದು ಬಾಯಿ ತೆರೆದು ಹುಳುವನ್ನು ಉಗಿದು, ಬಾಲ ಬೀಸಿ ಹೋಯಿತು. ಯಜಮಾನರು ಗರಗರನೆ ರೀಲು ಸುತ್ತಿದರು. ದಾರದ ತುದಿ ಅವರ ಅಂಗೈಗೆ ಬಂತು. ಹುಳುವಿನ ತಲೆ ಹರಿದು ಗುಂಡಿ ಬಯಲಾಗಿತ್ತು.

“ಏನಿದು?”

“ಗುಂಡಿ.”

“ಕೊಕ್ಕೆ?”

“ತೆಗೆದುಬಿಟ್ಟೆ. ಅವತ್ತು ನಿಮ್ಮ ಕೈಗೆ ಚುಚ್ಚಿ ಅಷ್ಟು ರಕ್ತ ಬಂತಲ್ಲ, ಅದಕ್ಕೇ…”

ಅವರು ನೋಡುತ್ತಲೇ ಇದ್ದರು. ಆ ನೋಟದೆದುರು ಅವಳ ಸುಳ್ಳು ನಿಲ್ಲಲಿಲ್ಲ.

“ಅಲ್ಲ. ರಕ್ತಕ್ಕಲ್ಲ. ನಿದ್ದೆಗೆ ಕಣ್ರೀ, ನಿದ್ದೆಗೆ. ಸಾಕಾಗಿಹೋಗಿದೆ ನಂಗೆ. ಮನೇಲಿ ನಿಮ್ಮ ಚಮಚ, ಇಲ್ಲಿ ಮೀನು. ಮೀನು ಬಿದ್ರೆ ನಾನೇ ಏಳಬೇಕು, ನಾನೇ ಬಿಡಿಸಬೇಕು, ಮತ್ತೆ ನಾನೇ ಕಟ್ಟಿಕೊಡಬೇಕು. ಒಂದು ಗಳಿಗೆ ಯಾರೂ ನನ್ನ ಕರೀಬಾರ್ದು ಅನ್ನಿಸ್ತು. ಅದಕ್ಕೇ ಮಾಡ್ದೆ. ಬೈಯೋದಿದ್ರೆ ಬೈದುಬಿಡಿ.”

ಸುಸ್ತಾಗಿದೆ ಎಂದು ಅವಳು ಅವರೆದುರು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಯಜಮಾನರ ತುಟಿ ಬಹಳ ಹೊತ್ತು ಪದ ಹುಡುಕಿತು.

“ಅಷ್ಟೂ ಮೀನು… ಈ ಗುಂಡಿಗೇ ಬಂದಿದ್ದಾ?”

“ಹೂಂ.”

“ಹಾಗಾದ್ರೆ… ಕೈ ಹೋಗಿಲ್ಲ?”

ಟೈಲರಮ್ಮ ತಲೆಯೆತ್ತಿದಳು. ಬೈಗುಳಕ್ಕೆ ಮೈಯೆಲ್ಲ ಸಿದ್ಧಮಾಡಿಕೊಂಡಿದ್ದಳು, ಬಂದದ್ದು ಈ ಪ್ರಶ್ನೆ. “ಇಲ್ಲರೀ. ನಿಮ್ಮ ಕೈ ಚೆನ್ನಾಗೇ ಇದೆ. ಅಷ್ಟೂ ಮೀನನ್ನ ಬಿಟ್ಟಿದ್ದು ನೀವಲ್ಲ, ನಾನು.”

ಅವರ ಕಣ್ಣಲ್ಲಿ ನೀರು ಬಂತು. ಲಕ್ವ ಹೊಡೆದ ಮೇಲೆ ಅವರಿಗೆ ಕಾರಣವಿಲ್ಲದೆಯೂ ಅಳು ಬರುತ್ತಿತ್ತು, ಅವಳು ಅದಕ್ಕೆ ಒಗ್ಗಿಹೋಗಿದ್ದಳು. ಇದು ಆ ಅಳುವಲ್ಲ ಎಂದು ಅವಳಿಗೆ ಗೊತ್ತಾಯಿತು. ಗುಂಡಿಯನ್ನು ಹೆಬ್ಬೆರಳಿಂದ ತೀಡುತ್ತ ಅವರು ಅರ್ಧಮುಖದಲ್ಲಿ ನಕ್ಕರು ಕೂಡ.

“ಕೊಕ್ಕೆ ಕಟ್ಟು,” ಎಂದರು.

“ಕಟ್ತೀನಿ.” ಅವಳು ನೆಲಕ್ಕೆ ಕೈಯೂರಿ ಎದ್ದು ಚೀಲದಲ್ಲಿ ಕೊಕ್ಕೆಯ ಪೊಟ್ಟಣ ಹುಡುಕತೊಡಗಿದಳು. ಅವರು ಅವಳ ತೋಳಿನ ಬಟ್ಟೆ ಹಿಡಿದು ಜಗ್ಗಿದರು.

“ನಾಳೆ. ಇವತ್ತು ಮಲ್ಕೋ.”

ಅವಳು ಏನೋ ಹೇಳಹೊರಟಳು. ಅಷ್ಟರಲ್ಲಿ ಅವರು ಕೋಲು ಎತ್ತಿ, ಹರಿದ ಹುಳುವನ್ನು ಗುಂಡಿಯ ಸಮೇತ ನೀರಿಗೆ ಎಸೆದಾಗಿತ್ತು. ಎಸೆತ ನೇರವಾಗಿ ಜೊಂಡಿನ ಅಂಚಿಗೆ ಹೋಗಿ ಬಿತ್ತು. ಟೈಲರಮ್ಮ ಬೆಂಚಿಗೆ ಮರಳಿ, ಚೀಲವನ್ನು ತಲೆಯ ಕೆಳಗಿಟ್ಟುಕೊಂಡು ಮಲಗಿದಳು. ನಾಳೆಯಿಂದ ಇಲ್ಲಿ ಕಣ್ಣು ಮುಚ್ಚುವಂತಿಲ್ಲವೆಂದು ಅವಳಿಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆ ಮಧ್ಯಾಹ್ನ ಮೀನು ಎಷ್ಟು ಸಲ ಕಚ್ಚಿದರೂ ಅವರು ಒಮ್ಮೆಯೂ ಅವಳನ್ನು ಕರೆಯಲಿಲ್ಲ.