ಏರಿನ ಮೇಲಿನ ರೊಟ್ಟಿಗಾಡಿ

ಮಲೆನಾಡಿನ ಸಾಗರಕ್ಕೆ ಬಂದ ಹೊಸತರಲ್ಲಿ ನನ್ನ ಕೈಚೀಲದಿಂದ ಒಂದು ನಿಂಬೆಹಣ್ಣು ಬಿತ್ತು. ನಮ್ಮ ನವಲಗುಂದದ ಕಡೆ ಬಿದ್ದ ನಿಂಬೆಹಣ್ಣು ಬಿದ್ದಲ್ಲೇ ಇರುತ್ತದೆ, ಬಗ್ಗಿ ಎತ್ತಿಕೊಂಡರಾಯಿತು. ಇಲ್ಲಿ ಅದು ಹೊರಟೇಬಿಟ್ಟಿತು. ಮೊದಲು ನಿಧಾನಕ್ಕೆ, ಆಮೇಲೆ ಯಾರೋ ಕರೆದ ಹಾಗೆ ಓಡುತ್ತಾ. ಸೆರಗು ಸಿಕ್ಕಿಸಿಕೊಂಡು ನಾನೂ ಅದರ ಹಿಂದೆ ಓಡಿದೆ. ತಿರುವಿನಲ್ಲಿ ನಿಂತಿದ್ದ ಒಬ್ಬರು ಅದನ್ನು ಕಾಲಿನಿಂದ ತಡೆದು, "ನಿಮ್ದಾ?" ಎಂದು ಕೇಳಿದರು. ನಗಲೂ ಇಲ್ಲ. ಇಲ್ಲಿ ಇದೆಲ್ಲ ದಿನನಿತ್ಯದ ವ್ಯವಹಾರ ಎಂದು ಅವರ ಮುಖ ಹೇಳುತ್ತಿತ್ತು.

ಈ ಊರಿಗೆ ನಾವು ಬಂದದ್ದು ರೊಟ್ಟಿಯ ದೆಸೆಯಿಂದ. ಶರಾವತಿ ಹಿನ್ನೀರಿಗೆ ಸೇತುವೆ ಕಟ್ಟುವಾಗ ನಮ್ಮ ಮನೆಯವರು ಅಲ್ಲಿನ ಕೆಲಸಗಾರರಿಗೆ ಅಡುಗೆ ಮಾಡುತ್ತಿದ್ದರು. ಸೇತುವೆ ಮುಗಿಯಿತು, ಕೆಲಸಗಾರರು ಹೋದರು, ಆದರೆ ನಮ್ಮವರ ಕೈಯ ಜೋಳದ ರೊಟ್ಟಿ ತಿಂದ ಸುತ್ತಲಿನ ಜನ ಕೇಳುವುದನ್ನು ಬಿಡಲಿಲ್ಲ. ಅಷ್ಟರಲ್ಲಿ ಹೊನ್ನೆಮರಡು ಕಡೆಯ ಒಬ್ಬರು, ಪ್ರವಾಸಿಗರಿಗೆಂದು ಇಟ್ಟಿದ್ದ ಕ್ಯಾರವಾನನ್ನು, ಅಂದರೆ ಕಾರಿನ ಹಿಂದೆ ಸಿಕ್ಕಿಸಿ ಎಳೆಯುವ ಚಕ್ರದ ಮನೆಯನ್ನು, ಕಾರಿನ ಸಮೇತ ಮಾರಲು ಹೊರಟಿದ್ದರು. ಮಂಚ ಕಿತ್ತು ಒಲೆ ಇಟ್ಟೆವು. ರೊಟ್ಟಿ ಬಡಿಯುವುದು ನಮ್ಮವರು, ಗಾಡಿ ಓಡಿಸುವುದು ನಾನು. ನಮ್ಮ ಜೋಡಿಯನ್ನು ನೋಡಿ ಇಲ್ಲಿಯವರು ಒಂದಿಷ್ಟು ಹುಬ್ಬೇರಿಸಿದರು. ಹತ್ತಿ ತುಂಬಿದ ಟ್ರೇಲರ್ ಸಿಕ್ಕಿಸಿಕೊಂಡು ಮದುವೆಗೆ ಮೊದಲಿನಿಂದಲೂ ಟ್ರ್ಯಾಕ್ಟರ್ ಓಡಿಸಿದವಳು ನಾನು. ನಮ್ಮವರಿಗೋ ಸೈಕಲ್ಲೂ ನೆಟ್ಟಗೆ ಬರುವುದಿಲ್ಲ.

ಇಕ್ಕೇರಿ ರಸ್ತೆಯಲ್ಲಿ ಬಾಡಿಗೆಗೆ ಎರಡು ಕೋಣೆ ಸಿಕ್ಕವು. ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ವಾರವನ್ನು ಹಂಚಿಕೊಂಡೆವು. ನಮ್ಮೂರಲ್ಲಿ ತಿಂಗಳುಗಟ್ಟಲೆ ಗರಿಗರಿಯಾಗಿ ಉಳಿಯುವ ಕಟಿ ರೊಟ್ಟಿ ಇಲ್ಲಿಯ ತಂಪಿಗೆ ಬೆಳಗಾಗುವುದರೊಳಗೆ ಒದ್ದೆ ಬಟ್ಟೆಯಂತೆ ಮೆತ್ತಗಾಯಿತು, ಹಾಗಾಗಿ ಬಿಸಿ ರೊಟ್ಟಿಯೇ ಗತಿ ಎಂದುಕೊಂಡೆವು. ಶೇಂಗಾ ಹಿಂಡಿ ಎನ್ನುವ ನಮ್ಮ ಖಾರದ ಚಟ್ನಿಪುಡಿಯನ್ನು ಬಾಯಿಗಿಟ್ಟು ಕಣ್ಣೀರು ಹಾಕಿದವರೂ ಇದ್ದಾರೆ, ಅದಕ್ಕೆ ಬೆಲ್ಲ ಕೇಳಿದವರೂ ಇದ್ದಾರೆ. ಭಾಷೆಯೂ ಅಷ್ಟೇ. ಇಲ್ಲಿ 'ಏನು' ಎನ್ನುವುದಕ್ಕೆ 'ಎಂತ' ಎನ್ನುತ್ತಾರೆ. ಕಾಂಪೌಂಡ್ ಗೋಡೆ ಇವರ ಬಾಯಲ್ಲಿ ಪಾಗಾರ, ರಸ್ತೆಗಾಗಿ ಕಡಿದ ಗುಡ್ಡದ ಕಡಿದಾದ ಬದಿ ದರೆ. ಒಂದು ಕಡೆ ದರೆ, ಇನ್ನೊಂದು ಕಡೆ ಮರ. ನಮ್ಮ ಎರೆ ಹೊಲದಲ್ಲಿ ನಿಂತರೆ ಮುಂದಿನ ಊರಿನ ಗುಡಿ ಕಾಣುತ್ತದೆ. ಇಲ್ಲಿ ಮುಂದಿನ ತಿರುವೂ ಕಾಣುವುದಿಲ್ಲ. ಮೊದಮೊದಲು ಅದಕ್ಕೇ ನನಗೆ ಉಸಿರು ಕಟ್ಟುತ್ತಿತ್ತು, ಸಂಜೆಯಾದರೆ ಅಳು ಬರುತ್ತಿತ್ತು.

ಆದರೆ ನನ್ನನ್ನು ನಿಜವಾಗಿ ಹೆದರಿಸಿದ್ದು ಹೊಸನಗರದ ಏರು.

ಹೊಸನಗರದಲ್ಲಿ ನಮಗೆ ಸಿಕ್ಕ ಜಾಗ ಗೌರಕ್ಕ ಎನ್ನುವವರ ಮನೆಯ ಪಾಗಾರದ ಪಕ್ಕ, ರಸ್ತೆ ಮೇಲೇರುವಲ್ಲಿ. ಗಿರಾಕಿಗಳಿಗೆ ಕೊರತೆ ಇರಲಿಲ್ಲ. ನಮ್ಮ ಕಾರಿನಲ್ಲಿ ಮಾತ್ರ ಎಳೆಯುವ ಹ್ಯಾಂಡ್‌ಬ್ರೇಕೇ ಇಲ್ಲ. ಅದರ ಬದಲು ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಎಂದು ಹೆಬ್ಬೆರಳಿನಷ್ಟು ದೊಡ್ಡ ಒಂದು ಗುಂಡಿ. ಮೇಲಕ್ಕೆ ಎತ್ತಿದರೆ ಕಿರ್ ಎಂದು ಚಕ್ರ ಹಿಡಿಯುತ್ತದೆ, ಆಕ್ಸಿಲರೇಟರ್ ತುಳಿದರೆ ತಾನೇ ಬಿಡುತ್ತದೆ. ಕ್ಲಚ್ಚೂ ಇಲ್ಲ. ಎಷ್ಟು ಸುಲಭ ಎಂದು ನಾನು ಹಿಗ್ಗಿದ್ದೆ.

ಒಂದು ಸಂಜೆ ವ್ಯಾಪಾರ ಮುಗಿಸಿ ಹೊರಟೆವು. ಗಾಡಿಯಲ್ಲಿ ನೀರಿನ ಡ್ರಮ್ಮು, ಸಿಲಿಂಡರು, ಹಂಚು, ಹಿಟ್ಟಿನ ಚೀಲ. ನಮ್ಮವರು ಕ್ಯಾರವಾನಿನ ಸ್ವಂತ ಬ್ರೇಕ್ ಇಳಿಸಿ, ಚಕ್ರಕ್ಕೆ ಒತ್ತುಕೊಟ್ಟಿದ್ದ ಮರದ ತುಂಡನ್ನು ತೆಗೆದರು. ನಾನು ಆಕ್ಸಿಲರೇಟರ್ ಮೇಲೆ ಮೆಲ್ಲಗೆ ಕಾಲಿಟ್ಟೆ. ಕಿರ್ ಎಂದಿತು. ಬ್ರೇಕ್ ಬಿಟ್ಟಿತು, ಎಂಜಿನ್ ಇನ್ನೂ ಭಾರ ಹೊತ್ತಿರಲಿಲ್ಲ. ಕಾರು, ಕ್ಯಾರವಾನ್ ಎರಡೂ ಹಿಂದಕ್ಕೆ ಹೊರಟವು.

ಅವರು ಹಿಂದೆ ನಿಂತಿದ್ದರು.

ಕನ್ನಡಿಯಲ್ಲಿ ಮರದ ತುಂಡು ಹಿಡಿದ ಅವರ ಕೈ ಕಂಡಿತು, ಆಮೇಲೆ ಕಾಣಲಿಲ್ಲ. ಬ್ರೇಕನ್ನು ಎಷ್ಟು ಜೋರಾಗಿ ತುಳಿದೆನೋ ಗೊತ್ತಿಲ್ಲ. ಕ್ಯಾರವಾನ್ ಸೊಟ್ಟಗೆ ತಿರುಗಿ ಪಾಗಾರಕ್ಕೆ ತಾಗಿ ನಿಂತಿತು. ಗುಂಡಿ ಎತ್ತಿ, ಇಳಿದು ಓಡಿದೆ. ಅವರು ರಸ್ತೆಯ ಬದಿಯ ಚರಂಡಿಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು. ಮರದ ತುಂಡು ಇನ್ನೂ ಕೈಯಲ್ಲಿತ್ತು.

"ನನಗ ಏನೂ ಆಗಿಲ್ಲಬೇ," ಎಂದರು. ನಾನು ಆ ತುಂಡನ್ನು ಕಸಿದುಕೊಂಡು ಚಕ್ರಕ್ಕೆ ಒತ್ತುಕೊಟ್ಟೆ.

ಮನೆಯೊಳಗಿಂದ ಯಾರೋ ಏನಾಯಿತೆಂದು ಕೂಗಿದರು. ಅಂಗಳಕ್ಕೆ ಬಂದಿದ್ದ ಗೌರಕ್ಕ, "ಎಂತೂ ಆಯ್ದಿಲ್ಲೆ," ಎಂದು ತಿರುಗಿ ಕೂಗಿದರು. ಏನೂ ಆಗಿಲ್ಲ ಎಂದು ಅವರ ಮನೆಮಾತಿನಲ್ಲಿ. ಪಾಗಾರದ ಎರಡು ಕಲ್ಲು ಕೆಳಗೆ ಬಿದ್ದಿದ್ದವು. ಗೌರಕ್ಕ ಅತ್ತ ನೋಡಲೂ ಇಲ್ಲ.

"ಜನಕ್ಕೆ ಪೆಟ್ಟಾಗ್ಲಿಲ್ಲ ಅಲ್ದಾ? ಹಂಗಾರೆ ಒಳಗೆ ಬನ್ನಿ, ಚಾ ಕುಡೀರಿ."

ಚಾದ ಲೋಟವನ್ನು ಪಕ್ಕಕ್ಕಿಟ್ಟೆ. ನಮ್ಮವರಿಗೆ ಹೇಳಿದೆ: "ಮಾರಿಬಿಡೂಣ್ರೀ. ನಮ್ಮ ಊರಿಗೆ ಹೋಗೂಣು. ಇಲ್ಲಿ ನೆಲಾನ ನೆಟ್ಟಗಿಲ್ಲ."

"ನೀ ಹೆಂಗ ಅಂತಿ ಹಂಗ," ಎಂದರು. ಅವರು ಹೀಗೆ ಒಪ್ಪಿದಾಗಲೇ ನನಗೆ ಹೆಚ್ಚು ಸಂಕಟ. ರೊಟ್ಟಿ ತಟ್ಟುತ್ತಾ ಹತ್ತು ಜನರೊಡನೆ ನಗುವ ಮನುಷ್ಯ. ಊರಲ್ಲಿ ಅಣ್ಣಂದಿರ ನೆರಳಲ್ಲಿ ಬಾಯಿ ಬಿಡದೆ ಇದ್ದವರು ಇಲ್ಲಿಗೆ ಬಂದ ಮೇಲೆ ಮಾತಾಡಲು ಕಲಿತಿದ್ದರು. ಇನ್ನು ಗಾಡಿ ಓಡಿಸುವವಳು ನಾನೊಬ್ಬಳೇ. ನಾನು ಕೈಬಿಟ್ಟರೆ ಎಲ್ಲವೂ ಮುಗಿಯಿತು.

ಗೌರಕ್ಕ ಲೋಟ ತೆಗೆದುಕೊಳ್ಳುತ್ತಾ ಕೇಳಿದರು, "ನಿಮ್ಮೂರಲ್ಲಿ ಟ್ರ್ಯಾಕ್ಟರ್ ನಿಲ್ಸಿ ಎಂತ ಮಾಡ್ತಿದ್ರಿ?"

"ಏನೂ ಮಾಡಂಗಿಲ್ರೀ. ಇಳಿದು ಹೋಗೂದು. ಅದು ಅಲ್ಲೇ ನಿಂತಿರತೈತಿ."

ಗೌರಕ್ಕ ಬಿದ್ದು ಬಿದ್ದು ನಕ್ಕರು. "ಅಯ್ಯೋ ಮಾರಾಯ್ತಿ! ಇಲ್ಲಿ ಇಳಿದು ಹೋದ್ರೆ ಅದೂ ನಿಮ್ಮ ಹಿಂದೇನೇ ಬರ್ತದೆ." ನನಗೂ ಆ ಹೊತ್ತಿನಲ್ಲಿ ನಗು ಬಂದಿತು. ಮಾರನೆಯ ದಿನ ಖಾಲಿ ಗಾಡಿ ತೆಗೆದುಕೊಂಡು ಬರಲು ಹೇಳಿದರು.

ಗೌರಕ್ಕನ ಬಳಿ ಒಂದು ಹಳೆಯ ಜೀಪಿದೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಇದೇ ಏರಿನಲ್ಲಿ ಅದನ್ನು ಓಡಿಸಿದ್ದಾರೆ. ಮಾರನೆಯ ದಿನ ನಮ್ಮ ಕಾರಿನಲ್ಲಿ ನನ್ನ ಪಕ್ಕ ಕೂತು, ಹ್ಯಾಂಡ್‌ಬ್ರೇಕ್ ಇರಬೇಕಾದ ಜಾಗವನ್ನು ಕೈಯಿಂದ ತಡವಿದರು.

"ಜೀಪಲ್ಲಿ ಬ್ರೇಕ್ ಎಳ್ಕೊಂಡೇ ಎಂಜಿನ್ನಿಗೆ ಜೀವ ಕೊಡ್ತೀವಿ. ಮುಂದೆ ಹೋಗ್ತೀನಿ ಅಂತ ಅದು ಜಗ್ಗಿದ ಮೇಲೇ ಬಿಡೋದು. ಇದ್ರಲ್ಲಿ ಎಂತ ಹಿಡಿಯೋದು?"

"ಹಿಡಿಯಾಕ ಏನೂ ಇಲ್ರೀ. ತಾನ ಬಿಟ್ಟುಬಿಡತೈತಿ. ಕಾರಷ್ಟ ಇದ್ರ ಸರಿ, ಹಿಂದ ಇಷ್ಟು ಭಾರ ಐತಿ ಅಂತ ಅದಕ್ಕ ಹೆಂಗ ಗೊತ್ತಾಗಬೇಕು?"

ಹೇಳುತ್ತಾ ಹೇಳುತ್ತಾ ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಇಬ್ಬರೂ ಒಟ್ಟಿಗೆ ಅದನ್ನೇ ನೋಡಿದೆವು.

"ಅದನ್ನೇ ಎತ್ತಿ ಹಿಡ್ಕಂಡ್ರೆ?" ಎಂದರು ಗೌರಕ್ಕ.

ನಮ್ಮವರನ್ನು ರಸ್ತೆಯಾಚೆ ಮೆಟ್ಟಿಲ ಮೇಲೆ ಕೂರಿಸಿ, ಅಲ್ಲಿಂದ ಏಳಬಾರದೆಂದು ಆಣೆ ಹಾಕಿಸಿದೆ. ಚಕ್ರದ ಹಿಂದೆ ಒಂದು ಮೊಳ ಬಿಟ್ಟು ಮರದ ತುಂಡನ್ನಿಟ್ಟೆವು. ಗುಂಡಿಯನ್ನು ಮೇಲಕ್ಕೆ ಎತ್ತಿ ಹಿಡಿದೇ ಆಕ್ಸಿಲರೇಟರ್ ತುಳಿದೆ. ಕಾರು ಗುರುಗುಟ್ಟಿತು, ಬ್ರೇಕ್ ಬಿಡಲಿಲ್ಲ. ಇನ್ನೂ ಸ್ವಲ್ಪ ತುಳಿದೆ. ಆಗ ಹಿಂದಿನ ಭಾರ ನನ್ನ ಬೆನ್ನಿಗೆ ಬಂದು ತಾಗಿತು. ಹತ್ತಿ ತುಂಬಿದ ಟ್ರೇಲರ್ ಹೊರಡುವ ಮುನ್ನ ಹೀಗೇ ಬಂದು ತಾಗುತ್ತದೆ, ಆ ಗುರುತು ನನ್ನ ಮೈಗಿದೆ. ಬೆರಳು ಬಿಟ್ಟೆ. ಗಾಡಿ ಒಂದಿಂಚೂ ಹಿಂದೆ ಸರಿಯದೆ ಏರು ಹತ್ತಿತು.

ಮೇಲೆ ನಿಲ್ಲಿಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಗೌರಕ್ಕ ಬೆನ್ನು ತಟ್ಟಲಿಲ್ಲ. "ಸಾಕು, ಇನ್ನೊಂದ್ಸಲ ಕೆಳಗಿಂದ ಹತ್ಸಿ," ಎಂದರು. ಕತ್ತಲಾಗುವವರೆಗೆ ಹತ್ತಿಸಿದೆ. ಮುಂದಿನ ವಾರ ತುಂಬಿದ ಗಾಡಿಯೂ ಹತ್ತಿತು. ಈಗ ತೀರ್ಥಹಳ್ಳಿಯ ದಾರಿಯ ಏರುಗಳಲ್ಲಿ ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದರೂ ನಾನು ಬೆರಳು ಬಿಡುವುದು ನನ್ನ ಬೆನ್ನು ಹೇಳಿದಾಗಲೇ. ಬಿದ್ದ ಕಲ್ಲುಗಳನ್ನು ನಮ್ಮವರು ತಾವೇ ನಿಂತು ಕಟ್ಟಿಸಿಕೊಟ್ಟರು. ಗೌರಕ್ಕ ನಮ್ಮ ಗಾಡಿಗೆ ಬಂದು ಎಣ್ಣೆಗಾಯಿಗೂ ಬೆಲ್ಲ ಕೇಳುತ್ತಾರೆ. ಎಷ್ಟು ಬೈದರೂ ಬಿಡುವುದಿಲ್ಲ. ಈಗ ಬೆಲ್ಲದ ಡಬ್ಬಿಯನ್ನು ಮುಂದೆಯೇ ಇಡುತ್ತೇವೆ.

ಮೊನ್ನೆ ಯುಗಾದಿಗೆ ನವಲಗುಂದಕ್ಕೆ ಹೋಗಿದ್ದೆವು. ಗುಡ್ಡ ಮುಗಿದು ಬಯಲು ಬಿಚ್ಚಿಕೊಂಡಾಗ, ದೂರದ ಗುಡಿ ಕಂಡಾಗ, ಎದೆ ತುಂಬಿ ಬಂತು. ಅವ್ವನ ಮನೆ ಮುಂದೆ ಕಾರು ನಿಲ್ಲಿಸಿದೆ. ಗುಂಡಿ ಎತ್ತಿದೆ. ಕೆಳಗಿಳಿದವಳು ಡಿಕ್ಕಿಯಿಂದ ಮರದ ತುಂಡು ತೆಗೆದು ಹಿಂದಿನ ಚಕ್ರಕ್ಕೆ ಒತ್ತುಕೊಟ್ಟೆ. ಕೈ ತಾನಾಗಿ ಮಾಡಿದ ಕೆಲಸ.

ಅವ್ವ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. "ಇಲ್ಲಿ ಎಲ್ಲಿ ಓಡಿ ಹೋಗತೈತೆ ಅದು?" ಎಂದಳು.

ನಕ್ಕೆ. ಸುತ್ತ ನೋಡಿದೆ. ಚಿಕ್ಕಂದಿನಲ್ಲಿ ನಾನು ಆಡಿದ, ಅಂಗೈಯಷ್ಟು ಸಮನಾದ ನೆಲ. ತುಂಡು ತೆಗೆಯಲೆಂದು ಬಗ್ಗಿದೆ.

"ಇರಲಿ ಬಿಡವ್ವ," ಎಂದು ಅಲ್ಲಿಯೇ ಬಿಟ್ಟು, ಅವಳ ಕೈ ಹಿಡಿದು ಒಳಗೆ ಹೋದೆ.